ಶನಿವಾರದ ಗೋಧಿ

ಆಗ್ಲಾಯಾಳಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕಿವಿ ಮಾತ್ರ ಕೆಂಪಾಗುತ್ತಿತ್ತು. ಒಲ್ಟೇನಿಯಾ ಸೀಮೆಯ ಊರೊಂದರ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಸ್ನಾತಕೋತ್ತರ ಓದಿಗೆ ಸೇರಿದ ಮೇಲೆ ಆ ಕಿವಿಗಳು ತಣ್ಣಗಿದ್ದ ದಿನಗಳೇ ಕಡಿಮೆ. ನರ್ಸುಗಳು ದೂರದಿಂದಲೇ ನೋಡಿ, "ಇವತ್ತು ಡಾಕ್ಟ್ರಮ್ಮನ ಕಿವಿಗೆ ದೀಪ ಹಚ್ಚಿದಾರೆ, ದಾರಿ ಬಿಡ್ರೇ" ಎಂದು ನಗುತ್ತಿದ್ದರು.

ಕೋಪದ ಬೇರು ಹಳೆಯದು. ಅವಳ ಅಪ್ಪ ಡ್ಯಾನ್ಯೂಬ್ ದಡದ ಹಳ್ಳಿಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವನು. ಕಾಲ್ಬೆರಳು ಕಪ್ಪಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರೊಬ್ಬ ಮಂಚದ ಬುಡದಲ್ಲಿ ನಿಂತು, "ಸಿಕ್ಕಿದ್ದೆಲ್ಲ ತಿಂದೋನು ನೀನು, ಈಗ ಅಳೋದು ಮಾತ್ರ ನಮ್ಮ ಮುಂದೆ" ಎಂದಿದ್ದ. ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ಕಾಲು ಹೋದದ್ದನ್ನು ಆಗ್ಲಾಯಾ ಹೇಗೋ ಸಹಿಸಿದಳು. ಆ ತಗ್ಗಿದ ತಲೆಯನ್ನು ಸಹಿಸಲಿಲ್ಲ. ಅವಳು ಡಾಕ್ಟರಾದದ್ದು ಅದಕ್ಕೇ.

ಈಗ ಅವಳ ಪ್ರಬಂಧ ಮುಗಿಯುತ್ತ ಬಂದಿತ್ತು. ಹಳ್ಳಿಯ ವಯಸ್ಸಾದ ರೋಗಿಗಳ ತೋಳಿಗೆ ನಾಣ್ಯದಷ್ಟಗಲದ ಬಿಲ್ಲೆ ಅಂಟಿಸಿ, ಹಗಲಿರುಳು ಸಕ್ಕರೆ ಏರಿಳಿಯುವುದನ್ನು ನೋಡುವ ಕೆಲಸ. ಹದಿನೈದು ದಿನಕ್ಕೊಮ್ಮೆ ಬಿಲ್ಲೆ ಬದಲಿಸಬೇಕು. ಸಕ್ಕರೆ ತೀರ ಇಳಿದರೆ ಅದರ ಜೊತೆಗಿನ ಪುಟ್ಟ ಯಂತ್ರ ಕೂಗಿ ಎಬ್ಬಿಸುತ್ತದೆ. ಜಂಫಿರಾ ದೊಡ್ಡಮ್ಮನಂಥ ಒಂಟಿ ವಿಧವೆಗೆ ಆ ಕೂಗೇ ಮನೆಮಂದಿ. ಹೋದ ಶರತ್ಕಾಲದಲ್ಲಿ ಸಕ್ಕರೆ ಇಳಿದು ಬಾವಿಕಟ್ಟೆಯ ಬಳಿ ಬಿದ್ದವಳನ್ನು ಹೊತ್ತೇರಿದ ಮೇಲೆ ಅಂಚೆಯವನು ಕಂಡಿದ್ದ. ಬಿಲ್ಲೆ ಬಂದ ಮೇಲೆ ಅವಳು ಬಿದ್ದಿರಲಿಲ್ಲ.

ಆದರೆ ಪ್ರತಿ ಶನಿವಾರ ಅವಳ ಸಕ್ಕರೆ ಗುಡ್ಡದ ಹಾಗೆ ಏಳುತ್ತಿತ್ತು.

"ಏನಜ್ಜಿ, ಶನಿವಾರ ಶನಿವಾರ ದೇವದೂತರು ಬಂದು ನಿಮ್ಮ ಬಾಯಿಗೆ ಸಕ್ಕರೆ ಹಾಕಿ ಹೋಗ್ತಾರಾ?" ಬಿಲ್ಲೆ ಬದಲಿಸುವ ದಿನ ವಾರ್ಡಿನಲ್ಲಿ ಆಗ್ಲಾಯಾಳ ಮಾರ್ಗದರ್ಶಕ ಪ್ರೊಫೆಸರ್ ಪಮ್ಫಿಲ್ ಕೇಳಿದಾಗ ಹಿಂದಿದ್ದ ಕಿರಿಯ ಡಾಕ್ಟರುಗಳೆಲ್ಲ ನಕ್ಕರು. ಜಂಫಿರಾ ತಲೆ ತಗ್ಗಿಸಿದಳು. ಆಗ್ಲಾಯಾಳ ಕಿವಿ ಉರಿಯಿತು.

"ನಮ್ಮ ಪಥ್ಯದ ಪಟ್ಟಿಯಲ್ಲಿ ಇರೋದು ಬೇಯಿಸಿದ ಮೊಟ್ಟೆ, ಕೋಳಿ, ಮೊಸರು ಸಾರ್," ಎಂದಳು. "ಈಸ್ಟರ್ ಉಪವಾಸ ನಡೀತಿದೆ. ಇವರು ಅದ್ಯಾವುದನ್ನೂ ಮುಟ್ಟಲ್ಲ. ಏನು ತಿನ್ನಬೇಕು, ಆ ಕಾಗದಾನಾ?"

"ನಿಯಮ ಎಲ್ಲರಿಗೂ ಒಂದೇ ಆಗ್ಲಾಯಾ. ಮುರಿದೋರನ್ನ ಇಟ್ಕೊಂಡ್ರೆ ನಿಮ್ಮ ಅಧ್ಯಯನ ಅಡುಗೆಮನೆ ಹರಟೆ ಆಗುತ್ತೆ. ಮುಂದಿನ ಸಲ ಬಂದಾಗಲೂ ಹೀಗೇ ಇದ್ರೆ ಹೊಸ ಬಿಲ್ಲೆ ಇಲ್ಲ. ಇವರನ್ನ ಕೈಬಿಡಿ."

ಆ ಶನಿವಾರವೇ ಅವಳು ಬಸ್ಸು ಹತ್ತಿ ಜಂಫಿರಾಳ ಹಳ್ಳಿಗೆ ಹೋದಳು. ಮನೆಗೆ ಬೀಗ. ಉಪವಾಸದ ಶನಿವಾರಗಳು ಸತ್ತವರ ದಿನ; ಊರಿನ ಹೆಂಗಸರೆಲ್ಲ ಸ್ಮಶಾನದಲ್ಲಿದ್ದರು. ಗೋರಿಗೋರಿಯ ಮೇಲೂ ಮೇಣದ ಬತ್ತಿ, ಬಟ್ಟಲು ತುಂಬ ಕೊಲಿವಾ. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ ಸತ್ತವರ ಎಡೆ. ಒಬ್ಬರ ಬಟ್ಟಲು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಜಂಫಿರಾ ಮಗನ ಗೋರಿಯ ಬಳಿ ಕುಳಿತು, ಯಾರೋ ಕೊಟ್ಟ ಬಟ್ಟಲಿಂದ ಚಮಚ ಎತ್ತುತ್ತಿದ್ದಳು.

ಆಗ್ಲಾಯಾ ಹಿಂದೆಮುಂದೆ ನೋಡಲಿಲ್ಲ. ನುಗ್ಗಿ ಬಟ್ಟಲು ಕಿತ್ತುಕೊಂಡಳು. "ಸಾಯೋಕೆ ಅಷ್ಟೊಂದು ಅವಸರಾನಾ ದೊಡ್ಡಮ್ಮ? ನಿಮಗೋಸ್ಕರ ನಾನಲ್ಲಿ ಗುದ್ದಾಡ್ತಿದೀನಿ!"

ಬಟ್ಟಲು ಕೊಟ್ಟಿದ್ದ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಜಂಫಿರಾ ಈ ಸಲ ತಲೆ ತಗ್ಗಿಸಲಿಲ್ಲ. "ಯಾರ ಬಾಯಿಂದ ಕಿತ್ಕೊಂಡೆ ಗೊತ್ತೇನೇ? ಅದು ಇವಳ ಮಗೂದು. ಹೋದ ಚಳಿಗಾಲದಲ್ಲಿ ಹೋಯ್ತು. ನಾನು ತಿಂದ್ರೆ ಅದರ ಹೊಟ್ಟೆ ತುಂಬುತ್ತೆ. ಬೇಡ ಅಂತ ಹೇಳ್ಲಾ? ನೀನು ಹೇಳ್ತೀಯಾ? ಅಲ್ಲೇ ನಿಂತಿದಾಳೆ, ಹೇಳು ನೋಡೋಣ."

ಆಗ್ಲಾಯಾ ಬಟ್ಟಲು ಹಿಡಿದು ನಿಂತಳು. ತಾನೂ ಮಂಚದ ಬುಡದಲ್ಲಿ ನಿಂತಿದ್ದೇನೆ ಅನ್ನಿಸಿತು. ಆಸ್ಪತ್ರೆಯಲ್ಲಿ ಯಾರ ಮೇಲೂ ಬಂದಿರದಂಥ ಕೋಪ ತನ್ನ ಮೇಲೆಯೇ ಬಂತು. ಆ ಹೆಂಗಸಿನ ಕಡೆ ತಿರುಗಿ, "ದೇವರು ಕ್ಷಮಿಸಲಿ ಮಗುವನ್ನ" ಎಂದು, ಎಡೆ ತಿನ್ನುವವರು ಸತ್ತವರಿಗಾಗಿ ಹೇಳುವ ಮಾತನ್ನೇ ಹೇಳಿ, ಒಂದು ಚಮಚ ಬಾಯಿಗಿಟ್ಟಳು.

"ಉಳಿದಿದ್ದು ಕೊಡು ಇಲ್ಲಿ," ಎಂದಳು ಜಂಫಿರಾ. "ಕದ್ದು ತಿನ್ನೋದು ನನಗೂ ಸಾಕಾಗಿದೆ."

ಅಲ್ಲೇ ಕಲ್ಲಿನ ಮೇಲೆ ಕುಳಿತು ಇಬ್ಬರೂ ಲೆಕ್ಕ ಹಾಕಿದರು. ಯಾರ ಮನೆಯದು ಎಷ್ಟು ಚಮಚ, ಸ್ಮಶಾನಕ್ಕೆ ಹೊರಡುವ ಮೊದಲು ಇನ್ಸುಲಿನ್ ಎಷ್ಟು ಹೆಚ್ಚಿಸಬೇಕು. ಮುಂದಿನ ಶನಿವಾರ ಗುಡ್ಡವಿದ್ದ ಜಾಗದಲ್ಲಿ ದಿಬ್ಬವಿತ್ತು.

ಜಂಫಿರಾಳ ಬಿಲ್ಲೆಯ ಅವಧಿ ಮುಗಿದ ದಿನ ಪ್ರೊಫೆಸರ್ ಆ ದಿಬ್ಬ ನೋಡಿದರು. "ಇಳಿದಿದೆ. ಒಪ್ತೀನಿ. ಆದ್ರೆ ಸಿಹಿ ತಿಂದಿದಾರೋ ಇಲ್ವೋ?"

"ತಿಂದಿದಾರೆ. ನಾನೂ ತಿಂದಿದೀನಿ."

"ಹಾಗಾದ್ರೆ ಕೈಬಿಡಿ."

"ನಿಮ್ಮಮ್ಮನಿಗೆ ಎಡೆ ಇಡಲ್ವಾ ಸಾರ್ ನೀವು?" ಆಗ್ಲಾಯಾಳ ದನಿ ನೆಲ ಮುಟ್ಟಿತ್ತು. "ಅಲ್ಲಿ ಸ್ಮಶಾನದಲ್ಲಿ ತಿನ್ನೋರೇ ನಮ್ಮ ರೋಗಿಗಳು. ಅವರನ್ನೆಲ್ಲ ಕೈಬಿಟ್ಟು ಯಾರ ಮೇಲೆ ಬರೀಲಿ? ತಿನ್ನದೇ ಇರೋ ಸತ್ತವರ ಮೇಲಾ?"

ಈ ಸಲ ಯಾರೂ ನಗಲಿಲ್ಲ.

"ಅವರಿಗೆ ಬಿಲ್ಲೆ ಹಾಕಿದ್ರೆ ಈ ವರ್ಷ ನಿಮ್ಮ ಪ್ರಬಂಧಕ್ಕೆ ನನ್ನ ಸಹಿ ಇಲ್ಲ," ಎಂದರು ಪಮ್ಫಿಲ್. ಅವರ ಮುಖದಲ್ಲಿ ಕೇಡಿತನವೇನೂ ಇರಲಿಲ್ಲ. ನಿಯಮವನ್ನು ಅವರು ನಿಜವಾಗಿಯೂ ನಂಬಿದ್ದರು. ಅದೇ ಅವಳನ್ನು ಇನ್ನಷ್ಟು ಉರಿಸಿತು.

ಸಹಿ ಇಲ್ಲವೆಂದರೆ ಪರೀಕ್ಷೆಯಿಲ್ಲ. ಒಂದು ವರ್ಷ ಮಣ್ಣುಪಾಲು. ಆಗ್ಲಾಯಾ ಹೊಸ ಡಬ್ಬಿ ಒಡೆದಳು. ಜಂಫಿರಾಳ ತೋಳು ಒರೆಸಿ, ಒಣಗಲು ಬಿಟ್ಟು, ಬಿಲ್ಲೆಯನ್ನು ಒತ್ತಿದಳು. ಟಪ್ ಎಂದಿತು. ಪ್ರೊಫೆಸರ್ ಮುಂದಿನ ಮಂಚಕ್ಕೆ ಹೋದರು. ಕಿರಿಯರು ಹಿಂಬಾಲಿಸಿದರು.

"ಹುಚ್ಚಿ," ಎಂದು ಪಿಸುಗುಟ್ಟಿದಳು ಜಂಫಿರಾ. "ಮುದುಕಿ ತೋಳಿಗೋಸ್ಕರ ಒಂದು ವರ್ಷ ಹಾಳು ಮಾಡ್ಕೊಂಡ್ಯಲ್ಲೇ! ನಾನೇನು ಕೇಳಿದ್ನಾ?"

"ನೀವು ಸುಮ್ನಿರಿ ದೊಡ್ಡಮ್ಮ. ನನಗಿನ್ನೂ ಕೋಪ ಇಳಿದಿಲ್ಲ."

"ಇಳೀಬೇಡ ಬಿಡು," ಎಂದು ಮುದುಕಿ ತೋಳಿನ ಮೇಲೆ ಅಂಗಿ ಎಳೆದುಕೊಂಡಳು. "ಇನ್ನೂ ಒಂದು ವರ್ಷ ಓದೋಕಿದೆಯಲ್ಲ, ಬೇಕಾಗುತ್ತೆ."