ಅಪ್ಪನ ಬೆನ್ನಿಗೆ ಹತ್ತಿದ ಮಣ್ಣು

ನಮ್ಮಪ್ಪ ಹೊನ್ನಾಳಿಯ ಪೈಲ್ವಾನರು. ಹಾಗೆಂದರೆ ಈಗಿನವರು ದೊಡ್ಡ ಹೊಟ್ಟೆಯ ಯಾರನ್ನೋ ನೆನೆಸಿಕೊಳ್ಳುತ್ತಾರೆ. ಅಪ್ಪನಿಗೆ ಹೊಟ್ಟೆಯೇ ಇರಲಿಲ್ಲ. ಎದುರಾಳಿಗಳ ತಲೆಗೆ ತಿಕ್ಕಿ ತಿಕ್ಕಿ ಕಿವಿಗಳು ಮಾತ್ರ ಮುದುರಿ ಗಂಟಾಗಿದ್ದವು. ಬಸವಾಪಟ್ಟಣದವರನ್ನೂ ಗೋವಿನಕೋವಿಯವರನ್ನೂ ಎತ್ತಿ ಕೆಡವಿದ ಕೈ ನನ್ನ ಜಡೆ ಹೆಣೆಯಲು ಕೂತರೆ ಮೂರು ಸಲ ತಪ್ಪುತ್ತಿತ್ತು. ಅಮ್ಮ ಇರಲಿಲ್ಲವಾದ್ದರಿಂದ ಆ ಕೆಲಸವೂ ಅವರದೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹೆಗ್ಗಣಕ್ಕೂ ಹೆತ್ತವರು ಅಷ್ಟೇ ಮುದ್ದು.

ಅಪ್ಪನ ಗರಡಿಮನೆಯಲ್ಲಿ ಒಂದು ಪದ್ಧತಿಯಿತ್ತು. ನವರಾತ್ರಿಗೆ ಅಖಾಡದ ಮಣ್ಣು ಅಗೆದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿ, ಹನುಮಪ್ಪನ ಪಟದ ಮುಂದೆ ಹಿಂದಿನ ದೊಡ್ಡ ಪೈಲ್ವಾನರ ಹೆಸರು ಕೂಗುತ್ತಿದ್ದರು. ಒಂಬತ್ತೋ ಹತ್ತೋ ಹೆಸರು, ಅಷ್ಟೇ. ಆ ಸಾಲಿಗೆ ಹೊಸಬರನ್ನು ಸೇರಿಸಬೇಕಾದರೆ ಐದು ಜನ ಹಿರಿಯರು ಕೂತು ತೀರ್ಮಾನ ಮಾಡಬೇಕು. ಪೈಲ್ವಾನ ಒಮ್ಮೆಯೂ ಚಿತ್ ಆಗಿರಬಾರದು, ಅಂದರೆ ಅವನ ಎರಡೂ ಹೆಗಲು ಒಟ್ಟಿಗೆ ಮಣ್ಣು ಮುಟ್ಟಿರಬಾರದು. ಹಿರಿಯರು ಮಾತಾಡುವಾಗ ಅವನು ಎದುರಿಗೇ ಕೂತಿರಬೇಕು, ಆದರೆ ತನ್ನ ಪರವಾಗಿ ಬಾಯಿ ಬಿಡಬಾರದು.

ಅಪ್ಪ ಒಂದೇ ಸಲ ಸೋತಿದ್ದರು, ಜಗಳೂರಿನಲ್ಲಿ. ಆಗ ನಾನಿನ್ನೂ ಚಿಕ್ಕವಳು. ಕೆಡವಿದವನು ಆ ಊರಿನ ಕಂಬಳಿ ನೇಯುವವನು. ಅದಕ್ಕೆ ಮುಂಚೆ ಅವನ ಹೆಸರನ್ನು ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅಂದು ಪಂಚರಾಗಿ ನಿಂತು ಸೋಲು ಗೆಲುವು ಹೇಳಿದವರು ಅಪ್ಪನನ್ನು ತಮ್ಮ ಮನೆಗೇ ಕರೆದೊಯ್ದು, ಬಿಸಿನೀರು ಹಾಕಿಸಿ, ಊಟಕ್ಕಿಟ್ಟರಂತೆ. ಆ ಪರಿಚಯ ಬೆಳೆದು, ಕೆಲವು ವರ್ಷದ ಮೇಲೆ ಅವರ ಮಗನಿಗೇ ನನ್ನನ್ನು ಕೊಟ್ಟರು. ಹಾಗಾಗಿ ಅಪ್ಪ ಸೋತ ಊರೇ ನನ್ನ ಗಂಡನ ಊರಾಯಿತು. ನಾದಿನಿಯರು "ನಿಮ್ಮಪ್ಪನ್ನ ಕೆಡವಿದ ಊರಾಗೆ ಅನ್ನ ಉಣ್ತೀಯಲ್ಲೇ" ಎಂದು ಕಾಡಿಸುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲ. ಅಪ್ಪನ ಮಂಡಿಗಳು ಹಿಡಿದುಕೊಂಡು, ಗೋಡೆ ಹಿಡಿದು ನಡೆಯುವ ಹಾಗಾಗಿತ್ತು. ಹಿರಿಯರು ಅವರ ವಿಚಾರ ಎತ್ತಿಕೊಂಡಿದ್ದಾರೆಂದೂ, ಜಗಳೂರಿನಲ್ಲಿ ಎರಡೂ ಹೆಗಲು ತಾಗಿದ್ದು ನಿಜವೇ ಎಂದು ಕೇಳಲು, ಅಂದು ಪಂಚರಾಗಿದ್ದ ನನ್ನ ಮಾವನಿಗೆ ಹೇಳಿಕಳಿಸಿದ್ದಾರೆಂದೂ ಸುದ್ದಿ ಬಂತು. ಅಪ್ಪನಿಗೆ ಇನ್ನೆಷ್ಟು ನವರಾತ್ರಿ ಇದ್ದವೋ. ಅವರ ಹೆಸರು ಕೂಗುವುದನ್ನು ಅವರೇ ಕೇಳಲಿ ಎಂದು ನನಗೆ ಆಸೆ. ಊಟಕ್ಕೆ ಬಡಿಸುವಾಗ ಮಾವನ ಮುಂದೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಮಾವ, ಒಂದೇ ಹೆಗಲು ತಾಗಿತ್ತು ಅಂತ ಹೇಳಾಕೆ ಆಗಲ್ವಾ?"

ಮಾವ ತಲೆ ಎತ್ತಲಿಲ್ಲ. "ಮಜ್ಜಿಗೆ ಹಾಕವ್ವ" ಅಂದರು. ಆ ಸೀಮೆಯಲ್ಲಿ ಮಾವ ಪಂಚರಾಗಿ ಹೇಳಿದ ಮಾತನ್ನು ಯಾರೂ ತೆಗೆದುಹಾಕಿರಲಿಲ್ಲ. ನಾನು ಕೇಳಿದ್ದು ಸಣ್ಣದಲ್ಲ ಎಂದು ಆಗ ಹೊಳೆಯಲೇ ಇಲ್ಲ.

ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನ ಹೊಗೆ ಕಾರುತ್ತ ಓಡುವ ಬಸ್ಸಿನಲ್ಲಿ ಮಾವನೂ ನಾನೂ ಹೊನ್ನಾಳಿಗೆ ಬಂದೆವು. ಅಪ್ಪ ನಡೆಯಲಾರರೆಂದು ಹಿರಿಯರು ನಮ್ಮ ಮನೆಯ ಜಗುಲಿಯಲ್ಲೇ ಕೂತರು. ಗರಡಿಯಲ್ಲಾಗಿದ್ದರೆ ಹೆಂಗಸಾದ ನನಗೆ ಹೊಸಿಲು ದಾಟಲೂ ಬಿಡುತ್ತಿರಲಿಲ್ಲ. ಇಲ್ಲಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ಮೊದಲು ಅಪ್ಪನನ್ನು ಹಳಬರ ಜೊತೆ ತೂಗಿದರು. ಒಬ್ಬರು, "ಆ ಕಾಲದೋರು ಒಂದು ತಂಬಿಗೆ ತುಪ್ಪ ಕುಡಿದು ದಕ್ಕಿಸ್ಕಂತಿದ್ರು. ಈಗ ಎಲ್ಲೈತೆ ಅಂಥ ತುಪ್ಪ?" ಅಂದರು. ಆ ಹಳಬರನ್ನು ಆ ಐವರಲ್ಲಿ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಕಾಣದವರ ತೋಳು ಯಾವಾಗಲೂ ದಪ್ಪ. ಇನ್ನೊಬ್ಬರು, ಬಲ ಹಳಬರದೇ ಹೆಚ್ಚಿರಬಹುದು, ಆದರೆ ಪಟ್ಟು ಹಾಕುವುದರಲ್ಲಿ, ಗೆದ್ದ ಮೇಲೆ ಬಿದ್ದವನನ್ನು ಕೈಹಿಡಿದು ಎಬ್ಬಿಸುವುದರಲ್ಲಿ ಇವರಂಥವರು ಇಲ್ಲ ಅಂದರು. ನನಗೆ ಅಲ್ಲೇ ಹೋಗಿ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅಪ್ಪ ಕಂಬಕ್ಕೊರಗಿ, ಇನ್ಯಾರದೋ ಸುದ್ದಿ ಕೇಳುವವರಂತೆ ಕೂತಿದ್ದರು.

ಕೊನೆಗೆ ಜಗಳೂರಿನ ಮಾತು ಬಂತು. ಮಾವ ಗಂಟಲು ಸರಿಮಾಡಿಕೊಂಡರು.

"ಅವತ್ತು ಸಂಜೆಬಿಸಿಲು ಕಣ್ಣಿಗೆ ಹೊಡೀತಿತ್ತು. ಈಗ ನೆನಸ್ಕಂಡ್ರೆ, ಎಡ ಹೆಗಲು ಎದ್ದೇ ಇತ್ತು. ಚಿತ್ ಅಂದಿದ್ದು ನನ್ನ ತಪ್ಪು."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಅದೇ ಬೇಕಿತ್ತು.

"ಬೀಗ್ರೇ" ಅಂದರು ಅಪ್ಪ. "ನನ್ನ ಸಲುವಾಗಿ ನಿಮ್ಮ ಮಾತು ಯಾಕೆ ಕೆಡಿಸ್ಕಂತೀರಿ?"

"ನೀವು ಬಾಯಿ ಬಿಡಂಗಿಲ್ಲ" ಅಂದರು ಹಿರಿಯರಲ್ಲೊಬ್ಬರು.

"ನನ್ನ ಪರವಾಗಿ ಬಿಡಬಾರ್ದು ಅಂತ ಐತೆ. ನನ್ನ ವಿರುದ್ಧ ಬಿಡಬಾರ್ದು ಅಂತ ಎಲ್ಲೈತೆ? ಎರಡೂ ಹೆಗಲು ತಾಗಿದ್ವು. ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ನನ್ನ ಮೀಸೇನೂ ಮಣ್ಣಾಗಿತ್ತು. ಇವರ ಮನೆಯಾಗೇ ತೊಳ್ಕಂಡಿದ್ದು."

ಆ ಮಾತಿಗೆ ಎಲ್ಲರೂ ನಕ್ಕರು. ನಕ್ಕ ಮೇಲೆ ತೀರ್ಮಾನ ಹೇಳುವುದು ಯಾರಿಗೂ ಬೇಕಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಅಪ್ಪನ ಕಾಲು ಮುಟ್ಟಿ, ಒಬ್ಬೊಬ್ಬರಾಗಿ ಎದ್ದು ಹೋದರು. ಆ ವರ್ಷವೂ ಅಪ್ಪನ ಹೆಸರು ಕೂಗಲಿಲ್ಲ, ಆಮೇಲೆ ಎಂದೂ ಕೂಗಲಿಲ್ಲ.

ನನಗೆ ಸಿಟ್ಟು ತಡೆಯಲಿಲ್ಲ. ಜಗುಲಿಗೆ ಬಂದು, "ಸುಮ್ನೆ ಕೂತಿದ್ರೆ ಆಗ್ತಿರ್ಲಿಲ್ವಾ ಅಪ್ಪ?" ಎಂದೆ. ಮಾವ ನೆಲ ನೋಡುತ್ತ, "ಸೊಸೆ ಕೇಳಿದ್ಲು ಬೀಗ್ರೇ, ಇಲ್ಲ ಅನ್ನಾಕೆ ಆಗ್ಲಿಲ್ಲ" ಅಂದರು. ಅಪ್ಪನಿಗೆ ಆಗ ಎಲ್ಲ ತಿಳಿಯಿತು. ಬೈಯುತ್ತಾರೆಂದು ಕಾದೆ. ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನಾನು ಗೆದ್ದಿದ್ದಕ್ಕೆ ಲೆಕ್ಕ ಇಲ್ಲ ಮಗಳೇ. ಆ ಕಂಬಳಿಯಾತ ಜೀವಮಾನದಾಗೆ ಗೆದ್ದಿದ್ದು ಅದೊಂದೇ. ಅದನ್ನೂ ಕಿತ್ಕಂಡ್ರೆ ಆತನ ಹತ್ರ ಏನು ಉಳೀತೈತೆ?"

ಕಂಬಳಿಯವನಿಗೂ ಒಂದು ಮನೆ, ಒಂದು ಹೆಸರು ಇದೆಯೆಂದು ನನಗೆ ಅಲ್ಲಿಯವರೆಗೆ ಅನ್ನಿಸಿಯೇ ಇರಲಿಲ್ಲ. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಮಾವನೂ ಕಣ್ಣೊರೆಸಿಕೊಂಡರು.

ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಕಾರ್ಯ ಮುಗಿಸಿಕೊಂಡು ಜಗಳೂರಿಗೆ ಬಂದ ಮಾರನೆಯ ದಿನ ಬೆಳಗ್ಗೆ ಒಬ್ಬ ಮುದುಕ ನಮ್ಮ ಬಾಗಿಲಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹೊಸಿಲ ಹೊರಗೇ ನಿಂತು ನನ್ನ ಮಕ್ಕಳನ್ನು ನೋಡಿ, "ನಿಮ್ಮ ತಾತನಂಥ ಪೈಲ್ವಾನ ಈ ಸೀಮೆಯಾಗೇ ಹುಟ್ಟಿಲ್ರಪ್ಪ" ಅಂದ. ಆಮೇಲೆ ದನಿ ಇಳಿಸಿ, ನಾನು ನಂಬುತ್ತೇನೋ ಇಲ್ಲವೋ ಎಂಬ ಅಳುಕಿನಿಂದ ನನ್ನ ಕಡೆ ತಿರುಗಿದ.

"ಅಂಥೋರ್ನ ನಾನೊಂದ್ಸಲ ಕೆಡವಿದ್ದೆ ತಾಯಿ."

"ಹೌದ್ರಿ" ಅಂದೆ. "ನಮ್ಮಪ್ಪನೇ ಹೇಳ್ಯಾರೆ. ಬರ್ರಿ, ಒಳಗೆ ಕೂತ್ಕಳ್ರಿ."