ಕೋಲು ಹಿಡಿದು ನಿಲ್ಲುವ ಪಾತ್ರ

ಮಹಾಜನರೇ, ಇಂದು ಕ್ವೇಕರ್ಸ್ ಹಿಲ್ ಮೈದಾನದಲ್ಲಿ ನನ್ನ ಮಾನ ಹೋಯಿತು! ಅರ್ಧ ಸೀಸನ್ ಟಿವಿ ಮುಂದೆ ಕೂತು, ಅಮೆರಿಕನ್ ಫುಟ್‌ಬಾಲಿನ ಘಟಾನುಘಟಿಗಳಿಂದ ಕಾಲೇಜು ಹುಡುಗರವರೆಗೆ ಎಲ್ಲರನ್ನೂ ಬೈದವನು ನಾನು. ಇಂದು ಅದೇ ಆಟವಾಡುವ ಮಗಳ ತಂಡದ ಕೋಚ್ ನನ್ನ ಕೈಗೊಂದು ಕೋಲು ಕೊಟ್ಟು ಗೆರೆಯ ಪಕ್ಕ ನಿಲ್ಲಿಸಿದರು. ಚೆಂಡು ಎಲ್ಲಿಯವರೆಗೆ ತಲುಪಬೇಕೆಂಬ ಗುರುತು ಅದು, ಅಲುಗಾಡಬಾರದು.

ಮಗಳು ಚೆಂಡು ಹಿಡಿದು ಓಡಿದಳು. "ಭಲೇ ಮಗಳೇ!" ಎಂದು ಗರ್ಜಿಸಿ, ಕೋಲನ್ನು ಗದೆಯಂತೆ ಎತ್ತಿಕೊಂಡು ನಾನೂ ಓಡಿದೆ. ಅಳೆಯಲು ಗುರುತೇ ಉಳಿಯಲಿಲ್ಲ. ರೆಫರಿ ಅಂದಾಜಿನ ಮೇಲೆ ತೀರ್ಪಿತ್ತರು: ಒಂದು ಗೇಣು ಸಾಲದು, ಚೆಂಡು ಎದುರಾಳಿಗೆ.

ಮಗಳು ಹೆಲ್ಮೆಟ್ ತೆಗೆದಳು. "ಅಪ್ಪಾ, ಪ್ಲೀಸ್, ನೆಕ್ಸ್ಟ್ ವೀಕ್ ಮನೇಲೇ ಟಿವಿಗೆ ಬೈಕೊಂಡಿರು."

ಹಿಂದೊಮ್ಮೆ ಊರ ನಾಟಕದಲ್ಲಿ ಭರ್ಜಿ ಹಿಡಿದು ನಿಲ್ಲುವ ದ್ವಾರಪಾಲಕನ ಪಾತ್ರ ಕೊಟ್ಟಾಗ, ಚಿಕ್ಕದೆಂದು ಎದ್ದು ಬಂದಿದ್ದೆ. ಅದು ನನ್ನ ಯೋಗ್ಯತೆಗೆ ದೊಡ್ಡದಾಗಿತ್ತೆಂದು ಇಂದು ತಿಳಿಯಿತು.