ಏಟು ತಿಂದು ಬೆಳೆದ ತೋಟ

ಸಿಡಿಲತ್ತಿಗೆಯ ಹಿತ್ತಿಲಿಗೆ ಕಾಲಿಡುವ ಮುಂಚೆ ಕಡಲ ಗಾಳಿಯೂ ಬೇಲಿಯ ಬಳಿ ನಿಂತು, ಕೆಮ್ಮಿ, ಅಪ್ಪಣೆ ಕೇಳುತ್ತಿತ್ತಂತೆ. ಅವಳ ಚಪ್ಪಲಿ ಏಟಿನ ಸದ್ದು ಕೇಳಿಯೇ ಮಂಜಿನಲ್ಲಿ ದಾರಿ ತಪ್ಪಿದ ದೋಣಿಗಳು ದಡ ಸೇರುತ್ತಿದ್ದವಂತೆ. ಊರು ಏನೇ ಹೇಳಲಿ, ನಿಜ ಇಷ್ಟು: ದೋಣಿಗಳಿಗೆ ಟಾರ್ಪಾಲು ಹೊಲಿಯುವ ಆ ಹೆಂಗಸು ದಿನಾ ಬೆಳಗ್ಗೆ ಗಿಡಗಳಿಗೆ ಚಪ್ಪಲಿಯಲ್ಲಿ ಬಾರಿಸುತ್ತಿದ್ದಳು.

ಮದುವೆಯಾಗಿ ಬಂದ ವರ್ಷ ನೆಟ್ಟದ್ದನ್ನೆಲ್ಲ ಗಾಳಿ ಬೇರುಸಮೇತ ಕಿತ್ತೆಸೆದಿತ್ತು. ಉಳಿದದ್ದನ್ನು ಉಪ್ಪು ಸುಟ್ಟಿತ್ತು. ಕೊನೆಯ ಗಾಳಿಮರದ ಸಸಿಯೂ ತಲೆ ಬಾಗಿಸಿದ್ದು ಕಂಡು ಅವಳಿಗೆ ರೇಗಿತು. “ನೀನೂ ಹೋಗ್ತೀಯಾ? ಹೋಗು!” ಎಂದು ನಾಲ್ಕು ಬಿಗಿದಳು. ಅದೊಂದೇ ಬದುಕಿತು. ಅಂದಿನಿಂದ ಅವಳ ತೋಟಗಾರಿಕೆಗೆ ಬೇರೆ ಶಾಸ್ತ್ರ ಬೇಕಾಗಲಿಲ್ಲ. ಹರಿದ ಬಲೆ ಕಟ್ಟಿ ಗಾಳಿಗೆ ಅಡ್ಡ ಹಾಕಿದಳು, ಕಡಲಪಾಚಿ ಹೊತ್ತು ತಂದು ಮರಳಿಗೆ ಸುರಿದಳು, ಸಸಿ ನೆಟ್ಟಳು, ಹೊಡೆದಳು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿಮರಗಳು ಗೋಡೆಯಂತೆ ನಿಂತವು. ಅವುಗಳ ಬೆನ್ನಿಗೆ ದಾಳಿಂಬೆ, ಬದನೆ, ಮಲ್ಲಿಗೆ. ಹೊಡೆಯುವ ಹೊತ್ತಿಗೆ ಗಂಡ ಮಾತ್ರ ಹಿತ್ತಿಲ ಕಡೆ ಸುಳಿಯುತ್ತಿರಲಿಲ್ಲ.

ಪಕ್ಕದಲ್ಲೇ ಮೈದುನ ಲಾಡ್ಜ್ ಕಟ್ಟಿಸಿದ. ಕಿಟಕಿಯಿಂದ ಕಡಲು ಕಾಣದ ಲಾಡ್ಜಿಗೆ ಯಾರು ಬರುತ್ತಾರೆ? ಒಂದು ಬೆಳಗ್ಗೆ ಕೊಡಲಿ ಹಿಡಿದು ಬಂದ.

“ದಾರಿ ಬಿಡಿ ಅತ್ತಿಗೆ. ಅರ್ಧ ಜಾಗ ನಂದೇ.”

“ಜಾಗ ನಿಂದು. ಮರಕ್ಕೆ ಕೈ ಹಚ್ಚಿದ್ರೆ ಆ ಕೈ ನಂದು.”

ಹಚ್ಚಿದ. ತೊಗಟೆ ಹಾರಿತು, ಹಿಂದೆಯೇ ಅವಳ ತಗಡಿನ ಬಕೆಟ್ ಹಾರಿ ಅವನ ಹುಬ್ಬು ಸೀಳಿತು. ಅವನು ತಳ್ಳಿದ ರಭಸಕ್ಕೆ ಅವಳ ಮುಂದಿನ ಹಲ್ಲು ಕಲ್ಲಿಗೆ ಬಡಿದು ಮುರಿಯಿತು. ಉಳಿದವನ್ನು ಅವಳು ಅವನ ಮಣಿಕಟ್ಟಿನಲ್ಲಿ ಊರಿದಳು. ಬಿಡಿಸಲು ಬಂದ ಗಂಡ ಇಬ್ಬರಿಂದಲೂ ಏಟು ತಿಂದ. ಕೊನೆಗೆ ರಕ್ತ ಸೋರುತ್ತಿದ್ದ ಹೆಂಡತಿಯನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದ. ಅವರು ವಾಪಸು ಬರುವಷ್ಟರಲ್ಲಿ ಮೂರು ಮರ ಉರುಳಿದ್ದವು.

ಸಂಜೆ ಬಿರುಗಾಳಿ ಎದ್ದಿತು. ಇಷ್ಟು ವರ್ಷ ಹೊರಗೆ ನಿಂತು ಹಲ್ಲು ಕಡಿಯುತ್ತಿದ್ದ ಗಾಳಿ ಮರ ಉರುಳಿದ ಸಂದಿಯಲ್ಲಿ ನುಗ್ಗಿ, ಲಾಡ್ಜಿನ ಚಾವಣಿಯನ್ನು ಕಾಗದದಂತೆ ಹರಿದು, ಮಂಚಗಳನ್ನು ಬೀದಿಗೆಸೆದು, ಮೈದುನನ ಕಾಲ ಮೇಲೆ ತೊಲೆ ಕೆಡವಿತು. ತೊಲೆ ಎತ್ತಿ ಅವನನ್ನು ಹೊರಗೆಳೆದವಳು ಅತ್ತಿಗೆಯೇ, ಅವನ ಜನ್ಮ ಜಾಲಾಡುತ್ತ.

ಮರುದಿನ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮೈದುನ, ಸಂದಿಯಲ್ಲಿ ಗುಂಡಿ ತೋಡುತ್ತಿದ್ದ ಅವಳ ಮುಂದೆ ಕುಂಟುತ್ತ ಬಂದು ನಿಂತ.

“ತಪ್ಪಾಯ್ತು ಅತ್ತಿಗೆ. ಆದ್ರೂ ಒಂದು ಮಾತು. ಮರಕ್ಕೋಸ್ಕರ ನನ್ನನ್ನೇ ಮುಗಿಸೋಕೆ ಹೊರಟಿದ್ರಲ್ಲ! ಅವು ಅಂದ್ರೆ ಅಷ್ಟೊಂದು ಪ್ರೀತಿನಾ?”

ಅವಳು ಬಾಯಲ್ಲಿನ ರಕ್ತ ಉಗಿದಳು.

“ಪ್ರೀತಿ ಎಲ್ಲಿಂದ ಬಂತೋ? ಒಣ ಹಾಕಿದಾಗೆಲ್ಲ ನಿಮ್ಮಣ್ಣನ ಅಂಗಿ ಊರಾಚೆ ಹಾರಿಹೋಗ್ತಿತ್ತು. ಅದಕ್ಕೆ ನೆಟ್ಟೆ.”